ಕೋಳಿಯೋ, ಹುಂಜವೋ

ಇಪ್ಪತ್ತೊಂಬತ್ತು ವರ್ಷ ನೀರಿನ ಮೀಟರ್ ಓದಿದವನು ನಾನು.
ಶ್ರೀನಗರ, ಹನುಮಂತನಗರ, ಗವಿಪುರದ ಏರು.
ಗೇಟಿನ ಪಕ್ಕದ ಕಬ್ಬಿಣದ ಮುಚ್ಚಳ ಎತ್ತಿ,
ಜೇಡರ ಬಲೆ ಒರೆಸಿ, ಮಂಡಿಯೂರಿ,
ಗಾಜಿನೊಳಗೆ ತಿರುಗುವ ಅಂಕಿಗೆ ತಲೆ ಬಾಗಿದ್ದೇನೆ
ದೇವರಿಗೂ ಬಾಗದಷ್ಟು ಸಲ.

ಈಗ ತಲಘಟ್ಟಪುರದಾಚೆ ಮೂವತ್ತು ನಲವತ್ತರ ಸೈಟು.
ನಮ್ಮ ಬೀದಿಗೆ ಪೈಪು ಬಂದಿದೆ, ಪೈಪಿನೊಳಗೆ ಗಾಳಿ ಬಂದಿದೆ.
ಮೀಟರೂ ಇದೆ. ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ.
ತಿಂಗಳಿಗೊಮ್ಮೆ ಮುಚ್ಚಳ ಎತ್ತಿ ನೋಡುತ್ತೇನೆ,
ಹಳೆಯ ಚಟ.

ಕವಳೆ ಹಣ್ಣು ಮಾರುತ್ತಿದ್ದವಳು ಸಾಕಮ್ಮ.
ಬನಶಂಕರಿ ಬಸ್‌ಸ್ಟ್ಯಾಂಡಿನ ಮೆಟ್ಟಿಲ ಬುಡದಲ್ಲಿ
ಮುತ್ತುಗದೆಲೆಯ ದೊನ್ನೆ, ದೊನ್ನೆಗೆ ಇಪ್ಪತ್ತು.
"ಉಗುಳಿದ ಬೀಜ ಇವತ್ತೇ ಹಾಕು ಸಾಮಿ.
ಒಣಗಕ್ಕೆ ಬಿಟ್ರೆ ಅದುಕ್ಕೆ ಹುಟ್ಟೋದೇ ಮರ್ತೋಯ್ತದೆ."

ಮೊದಲ ಸಸಿಯನ್ನು ನಾನೇ ಕೊಂದೆ.
ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು,
ಟ್ಯಾಂಕರ್ ಬಂದ ದಿನ ಸಂಭ್ರಮಕ್ಕೆ ಇನ್ನೊಂದು.
ಎಲೆ ಹಳದಿಯಾಯಿತು. ಬಾಯಾರಿದೆ ಅಂದುಕೊಂಡೆ,
ಮತ್ತೆ ಹೊಯ್ದೆ.
ಕಿತ್ತಾಗ ಬೇರು ನೆನೆದ ಬತ್ತಿಯ ಹಾಗೆ ಬೆರಳಿಗಂಟಿತು.
ಸಾಕಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು:
"ಬಂಡೆ ಸಂದೀಲಿ ಬೆಳಿಯೋದು ಅದು.
ನೀರು ಕುಡಿಸಿ ಸಾಯಿಸ್ದಾ?"

ಎರಡನೆಯದಕ್ಕೆ ಹಿತ್ತಲ ಗೋಡೆಯ ಮೂಲೆ.
ಮನೆ ಕಟ್ಟಿ ಮಿಕ್ಕ ಜಲ್ಲಿ, ಒಡೆದ ಇಟ್ಟಿಗೆ, ಕೆಮ್ಮಣ್ಣು.
ಮೊದಲ ಬೇಸಿಗೆ ವಾರಕ್ಕೊಮ್ಮೆ ಅಕ್ಕಿ ತೊಳೆದ ನೀರು,
ಎರಡನೆಯ ಬೇಸಿಗೆ ಅದೂ ಇಲ್ಲ.
ಹೇಳುವುದು ಸುಲಭ.
ಮಧ್ಯಾಹ್ನ ಎರಡರ ಬಿಸಿಲಲ್ಲಿ ಚೊಂಬು ಹಿಡಿದು
ಹಿತ್ತಲ ಬಾಗಿಲವರೆಗೆ ಹೋಗಿ
ಹೊಯ್ಯದೆ ವಾಪಸು ಬರುವುದನ್ನು
ಅರವತ್ತೆರಡನೆಯ ವಯಸ್ಸಿನಲ್ಲಿ ಕಲಿತೆ.

"ಮನೆ ಹಿಂದೆ ಮುಳ್ಳಿನ ಗಿಡ ಇರಬಾರದು" ಅಂದಳು ನಾಗರತ್ನ.
ಕವಲೊಡೆದ ಮುಳ್ಳು ಅವಳ ಎರಡು ಸೀರೆ, ನನ್ನ ಒಂದು ಪಂಚೆ
ಹರಿದಿತ್ತು ಅಷ್ಟು ಹೊತ್ತಿಗೆ.
ನಾನು ಕತ್ತರಿ ಹುಡುಕುವ ನಾಟಕ ಮಾಡಿದೆ.
ಸಿಕ್ಕಲಿಲ್ಲ ಅಂದೆ.

ನಾಲ್ಕನೆಯ ವರ್ಷ ಬೋರು ಕೆಮ್ಮಿ ಕೆಮ್ಮಿ ನಿಂತಿತು.
ಟ್ಯಾಂಕರಿಗೆ ಎರಡು ಸಾವಿರ, ಅದೂ ಕಾಲು ಹಿಡಿದರೆ.
ಎದುರು ಮನೆ ರುಕ್ಮಾಂಗದನ ಹುಲ್ಲುಹಾಸು
ಹಳೆ ಕಾಲೊರಸಿನ ಬಣ್ಣಕ್ಕೆ ತಿರುಗಿತು;
ಪಾಪ, ರಾತ್ರಿ ಹತ್ತಕ್ಕೆ ಕದ್ದು ಮಗ್ಗಿನಲ್ಲಿ ಚಿಮುಕಿಸುತ್ತಿದ್ದ.
ನಾವು ಬಕೆಟ್ಟುಗಳಿಗೆ ಹೆಸರಿಟ್ಟೆವು:
ಮೈಯದು, ಪಾತ್ರೆಯದು, ಕಕ್ಕಸಿನದು.
ಕವಳೆಯದು ಅಂತ ಒಂದಿರಲಿಲ್ಲ.

ಅದು ಆ ಏಪ್ರಿಲ್ಲಿನಲ್ಲೇ ಹೂ ಬಿಟ್ಟಿತು.
ಒಗೆದ ಬಟ್ಟೆ ತೆಗೆಯಲು ಕತ್ತಲಲ್ಲಿ ಹೋದ ನಾಗರತ್ನ
ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ.
ಹೋಗಿ ನೋಡಿದರೆ ಟವೆಲು ಹೆಗಲ ಮೇಲೆ,
ಮೂಗು ಮುಳ್ಳಿಗೆ ಅರ್ಧ ಗೇಣು ದೂರ.
"ಕತ್ತರಿ ಸಿಕ್ತಾ?" ಅಂದಳು.
"ಇಲ್ಲ."
"ಸಿಗೋದು ಬೇಡ."

ಕಾಯಿಗೆ ಹಾಲು. ಉಪ್ಪಿನಕಾಯಿಗೆ ಕಿತ್ತ ಒಂದು ಹಿಡಿ
ಅಂಗಿಯ ಮೇಲೆ ಇವತ್ತಿಗೂ ಹೋಗದ ಕಲೆ ಬಿಟ್ಟಿದೆ.
ಹಣ್ಣಾದವು ಜೂನಿನಲ್ಲಿ, ಪಿಕಳಾರಗಳಿಗೆ ಮೊದಲು ಗೊತ್ತಾಯಿತು.
ನಮಗೆ ಉಳಿದದ್ದು ಹನ್ನೊಂದು.
ಹಳೆಯ ರೀಡಿಂಗ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ:
ಹಿಂದಿನದು ೦. ಈಗಿನದು ೧೧.
ಬಾಕಿ ಯಾರಿಗೆ ಕಟ್ಟಬೇಕೋ ತಿಳಿಯದೆ
ಆ ಕಲಂ ಖಾಲಿ ಬಿಟ್ಟೆ.

ನಾಗರತ್ನ ಪಾವಗಡದ ಕಡೆಯವಳು.
ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ
ಒಮ್ಮೆಯೂ ಹೇಳಿರದ ಆಟವೊಂದನ್ನು
ಹಿತ್ತಲ ಕಲ್ಲಿನ ಮೇಲೆ ಕೂತು ಶುರು ಮಾಡಿದಳು.
ಕಪ್ಪು ಹಣ್ಣೊಂದನ್ನು ಮುಷ್ಟಿಯಲ್ಲಿ ಮುಚ್ಚಿ,
"ಕೋಳೀನೋ, ಹುಂಜಾನೋ?"
ಕೋಳಿ, ಅಂದೆ.
ಕಚ್ಚಿ ಎರಡು ಹೋಳು ಮಾಡಿ ತೋರಿಸಿದಳು:
ಒಳಗೆಲ್ಲ ಜುಟ್ಟಿನ ಕೆಂಪು.

"ಸೋತ್ರಿ," ಅಂದಳು ನೇರಳೆ ನಾಲಿಗೆಯಲ್ಲಿ,
ನನ್ನ ಹೋಳನ್ನೂ ತಾನೇ ತಿಂದು
ಇನ್ನೊಂದಕ್ಕೆ ಕೈ ಚಾಚುತ್ತ.